ಹನ್ನೊಂದು ಸೀಗಡಿ

ಅಮ್ಮನ ಹೆಸರು ಲುಸ್ವಿಮಿಂಡಾ.
ಲುಸೋನ್, ವಿಸಾಯಸ್, ಮಿಂಡನಾವೊ:
ಮೂರು ದ್ವೀಪಸೀಮೆಗಳಿಂದ ಒಂದೊಂದು ಚೂರು ಕತ್ತರಿಸಿ
ಅಜ್ಜ ಹೊಲಿದ ಹೆಸರು. ಇಡೀ ದೇಶವೇ ಅದರಲ್ಲಿದೆ.
ಅವಳು ಹದಿನಾರು ವರ್ಷ ಇದ್ದದ್ದು ಮಾತ್ರ
ಹೆಸರಿನೊಳಗೆ ಹಿಡಿಸದ ನಾಲ್ಕನೆಯದರಲ್ಲಿ,
ಹಾಂಗ್‌ಕಾಂಗಿನ ಇಪ್ಪತ್ತಮೂರನೆಯ ಮಹಡಿ,
ಬೇರೆಯವರ ಮಗುವಿನ ಮಂಚದ ಪಕ್ಕ.

ಬಂದು ಮೂರು ವಾರ. ಇರುವ ಎರಡು ಕೋಣೆಯಲ್ಲಿ
ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟೇ ಸುಸ್ತಾಗಿ
ಬಾಗಿಯೊಗೆ ಹೋಗೋಣ, ಎರಡು ರಾತ್ರಿ, ಅಂದೆ.
ದಗುಪಾನಿನ ಸಂತೆಯಲ್ಲಿ ಹೂಮೀನಿನ ಮುಳ್ಳು ಬಿಡಿಸುವವಳು ನಾನು,
ಮೂರು ಸಲ ನಿಂಬೆ ಉಜ್ಜಿ ಕೈ ತೊಳೆದು
ಕಿಟಕಿಯ ಕಡೆ ಅವಳನ್ನು ಕೂರಿಸಿದೆ.

ತಿರುವು ತಿರುವಿಗೂ ಕಿವಿ ಗುಂಯ್ ಅಂದಿತು.
ಪೆಪ್ಪರಮಿಂಟಿನ ಕಾಗದ ಬಿಚ್ಚಿ
ನನ್ನ ಬಾಯಿಯ ತನಕ ತಂದವಳು
ನನಗೆ ಇಪ್ಪತ್ತೆರಡಾಗಿದೆ ಅನ್ನುವುದು ನೆನಪಾಗಿ
ಅಂಗೈಗೆ ಹಾಕಿದಳು.

ಲಾಡ್ಜಿನಲ್ಲಿ ಒಂದೇ ಮಂಚ, ಒಂದೇ ಕಂಬಳಿ.
ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ ಬಿಟ್ಟು ಮಲಗಿದೆವು.
ನಾಲ್ಕೂವರೆಗೆ ಎಚ್ಚರಾದರೆ
ಅವಳು ಆಗಲೇ ತನ್ನ ಪಾಲಿನ ಹಾಸಿಗೆ ಸರಿಮಾಡಿ,
ನೀರಗುರುತಿಲ್ಲದ ಹಾಗೆ ಕನ್ನಡಿ ಒರೆಸಿ,
ಟವೆಲುಗಳನ್ನು ಮೂರು ಮಡಿಕೆ ಮಡಚಿ
ಯಾರೋ ಕರೆದಾರು ಎಂಬಂತೆ ಬಾಗಿಲ ಬಳಿ ಕೂತಿದ್ದಳು.
'ಅಮ್ಮಾ, ರಜೆ ಇದು.'
'ಹೌದಲ್ಲ,' ಅಂದಳು, ಎದ್ದು ನಿಂತು.

ಊರನ್ನು ಮಂಜು ಅರ್ಧರ್ಧ ತಿಂದಿತ್ತು.
ಪೈನ್ ಮರಗಳಿಗೆ ಕಾಲಿಲ್ಲ, ಇಗರ್ಜಿಗೆ ತಲೆಯಿಲ್ಲ.
ತಾಹೊ ಮಾರುವವನು ಹೆಗಲಿನ ಅಡ್ಡೆ ಇಳಿಸಿ
ಬೆಚ್ಚನೆ ಸೋಯಾಗಿಣ್ಣಿನ ಮೇಲೆ
ಸ್ಟ್ರಾಬೆರಿ ಪಾಕ ಸುರಿದುಕೊಟ್ಟ.
ಅಮ್ಮನಿಗೆ ಸಿಹಿ ಹೆಚ್ಚು ಬೇಕೋ ಕಡಿಮೆಯೋ
ಅವನು ಕೇಳಿದ್ದು ನನ್ನನ್ನು.
ನಾನು ಅಮ್ಮನ ಕಡೆ ನೋಡಿದೆ.

ಕೆರೆಯಲ್ಲಿ ಹಂಸದ ದೋಣಿ.
ಹಂಸಕ್ಕೆ ಬಳಿದ ಸುಣ್ಣದಂಥ ಬಿಳಿ ಕೊಕ್ಕಿನ ಬಳಿ ಎದ್ದಿತ್ತು.
ಇಬ್ಬರೂ ತುಳಿದೆವು, ಅವಳು ಬಲಕ್ಕೆ ನಾನು ಎಡಕ್ಕೆ,
ನಿಂತಲ್ಲೇ ಗಿರಕಿ ಹೊಡೆದೆವು.
ದಡದ ಹುಡುಗರು ನಕ್ಕರು. ಅಮ್ಮನೂ ನಕ್ಕಳು.
ಮೇಲಿನ ಎರಡು ಹಲ್ಲು ಕಟ್ಟಿಸಿಕೊಂಡಿದ್ದಾಳೆ.
ಯಾವ ವರ್ಷ? ವೀಡಿಯೊ ಕಾಲಿನಲ್ಲಿ
ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ ಆ ವರ್ಷವಿರಬೇಕು.

ಮಧ್ಯಾಹ್ನ ಸಿನಿಗಾಂಗ್ ಬಂತು,
ಹುಣಸೆಹುಳಿಯ ಸಾರು, ಹೊಗೆಯಾಡುತ್ತ.
ಅಮ್ಮ ನನ್ನ ಬಟ್ಟಲಿಗೆ ಚಮಚ ಹಾಕಿದವಳೇ
ಸೀಗಡಿಗಳನ್ನೆಲ್ಲ ಆಯ್ದು ಆಯ್ದು
ತನ್ನ ತಟ್ಟೆಯ ಅಂಚಿಗಿಟ್ಟಳು.
'ನಿಂಗಾಗಲ್ಲ ಇದು. ತುಟಿ ಊದಿಕೊಳ್ಳತ್ತೆ.'

ಸೀಗಡಿಬುಟ್ಟಿಯ ಪಕ್ಕದಲ್ಲೇ ತೂಕಡಿಸಿ ಬೆಳೆದವಳು ನಾನು.
ಮುಳ್ಳು ಚುಚ್ಚಿ ಬೆರಳು ಊದಿದ್ದುಂಟು.
ತುಟಿ ಎಂದೂ ಊದಿಲ್ಲ.
ಹೇಳಲಿಲ್ಲ. ಬರೀ ಸಾರಿಗೆ ಅನ್ನ ಕಲಸಿದೆ.

ಎರಡು ತುತ್ತಾಗಿರಬೇಕು,
ಅವಳ ಚಮಚ ಗಾಳಿಯಲ್ಲಿ ನಿಂತಿತು.
'ಲೊಕ್‌ಯಿನ್‌ಗೆ,' ಅಂದಳು, ಮೇಜಿಗೆ ಹೇಳುವ ಹಾಗೆ.
'ಅದು ಲೊಕ್‌ಯಿನ್‌ಗೆ.'

ಆ ಹುಡುಗನ ಮೇಲೆ ನನಗೆ ಕೋಪವಿತ್ತು, ಏಳು ವರ್ಷದವಳಿದ್ದಾಗಿಂದ.
ಊದಿದ ತುಟಿಯ ಅವನನ್ನು ಆಗ ಮೊದಲ ಸಲ ಕಂಡೆ,
ರಾತ್ರಿಯೆಲ್ಲ ಎಚ್ಚರಿದ್ದು ಐಸು ಒತ್ತುವ ಅವಳನ್ನೂ.

ತಲೆ ಮುರಿದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪುದಾರ ಎಳೆದು
ಒಂದೊಂದಾಗಿ ನನ್ನ ಬಟ್ಟಲಿಗೆ ವಾಪಸು ಹಾಕಿದಳು.
ನಾನು ಅವಳಿಗಿಂತ ಬೇಗ ಬಿಡಿಸಬಲ್ಲೆ, ಅದೇ ನನ್ನ ಕಸುಬು.
ಕೈ ಮಡಿಲಲ್ಲಿಟ್ಟುಕೊಂಡು ಎಣಿಸಿದೆ.
ಹನ್ನೊಂದು. ಹನ್ನೊಂದನ್ನೂ ತಿಂದೆ.

ಹೊರಡುವ ಮುಂಚೆ ಅವಳಿಗೆ ಪೊರಕೆ ಬೇಕಾಯಿತು.
ಎಲ್ಲರೂ ಒಯ್ಯುತ್ತಾರೆ ಇಲ್ಲಿಂದ, ಹುಲ್ಲಿನ ಮೆದು ಪೊರಕೆ,
ಬಣ್ಣದ ಎಳೆಯಲ್ಲಿ ಊರ ಹೆಸರು ಹೆಣೆದದ್ದು.
ಹದಿನಾರು ವರ್ಷ ಗುಡಿಸಿ ಸಾಲಲಿಲ್ಲವೇ ಅಂದೆ.
'ಇದು ನಂದು,' ಅಂದಳು,
ಇಪ್ಪತ್ತು ಪೆಸೊ ಚೌಕಾಸಿ ಮಾಡಿ.

ಬಸ್ಸಿನಲ್ಲಿ ತಲೆಯ ಮೇಲೆ ಸಿಕ್ಕಿಸಿದ ಪೊರಕೆ
ತಿರುವು ತಿರುವಿಗೂ ಹೂದೂಳು ಉದುರಿಸಿತು,
ಅವಳ ನರೆಗೂದಲಿಗೆ, ನನ್ನ ತೋಳಿಗೆ.
ಅಮ್ಮ ಸೀನಿದಳು. ಒಂದು, ಎರಡು, ಮೂರು.
ಅವಳು ಮೂರಕ್ಕೇ ನಿಲ್ಲಿಸುವವಳೋ
ನಾಲ್ಕೋ, ನನಗೆ ಗೊತ್ತಿರಲಿಲ್ಲ.
ಕರವಸ್ತ್ರ ಹಿಡಿದು ಕಾದೆ.